ಹೊಗೆ ಹೋಯಿತು, ಹೊಗೆಸೊಪ್ಪು ಹೋಗಿಲ್ಲ

ಮಗಾ, ಮೊನ್ನೆ ಫೋನಿನಲ್ಲಿ ನೀನು "ಸಿಗರೇಟು ಬಿಟ್ಟುಬಿಟ್ಟೆ ದೊಡ್ಡಪ್ಪ, ಈಗ ಬರೀ ವೇಪ್" ಅಂದೆ. ನಿಮ್ಮಪ್ಪನಿಗೆ ಅಷ್ಟು ಕೇಳಿಯೇ ಸಮಾಧಾನವಾಯಿತು. ನಿಮ್ಮಮ್ಮನಿಗೆ ಟಿವಿಯಲ್ಲಿ ನೋಡಿದ್ದೆಲ್ಲ ನೆನಪಾಗಿ ಅವತ್ತು ಊಟ ಸೇರಲಿಲ್ಲ. ಇಬ್ಬರೂ ನನ್ನ ಹತ್ತಿರ ನ್ಯಾಯಕ್ಕೆ ಬಂದರು. ನಾನು ಹೇಳಿದ್ದು ಇಷ್ಟೇ: ಇಬ್ಬರೂ ಅರ್ಧರ್ಧ ಸರಿ. ಉಳಿದರ್ಧವನ್ನು ನಿನಗೇ ಹೇಳಬೇಕು, ಅದಕ್ಕೆ ಈ ಕಾಗದ.

ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆದು ಬದುಕಿದ ದೊಡ್ಡಪ್ಪನೇ ಈ ಬುದ್ಧಿ ಹೇಳುತ್ತಾನಲ್ಲ ಅಂತ ನಗಬೇಡ. ನಕ್ಕರೂ ಪರವಾಗಿಲ್ಲ, ಪೂರ್ತಿ ಓದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಮಣ್ಣು ಮಳೆ ಎರಡೂ ಈ ಬೆಳೆಗೆ ಒಗ್ಗಿವೆ, ತಂಬಾಕು ಮಂಡಳಿಯ ಹರಾಜಿನಲ್ಲಿ ಕೈಗೆ ಕಾಸು ಸಿಗುತ್ತದೆ, ಬೆಳೆಯುತ್ತೇವೆ. ಬೆಳೆಯುವವರೆಲ್ಲ ಸೇದುತ್ತಾರೆ ಅಂತೇನಿಲ್ಲ. ಆದರೆ ಆ ಎಲೆಯಲ್ಲಿ ಏನಿದೆ ಎಂಬುದು ಸೇದುವವನಿಗಿಂತ ಅದನ್ನು ಮುರಿದು, ಕಟ್ಟಿ, ಬೇಯಿಸುವವನಿಗೆ ಚೆನ್ನಾಗಿ ಗೊತ್ತು.

ಮೊದಲು ನಿನಗೆ ಸಲ್ಲಬೇಕಾದ್ದು ಸಲ್ಲಲಿ. ಸಿಗರೇಟಿನಿಂದ ವೇಪಿಗೆ ಹೋದದ್ದು ಲಾಭವೇ. ಸಿಗರೇಟಿನಲ್ಲಿ ಮನುಷ್ಯನನ್ನು ಕೊಲ್ಲುವುದು ಮುಖ್ಯವಾಗಿ ಬೆಂಕಿ. ದಮ್ಮು ಎಳೆದಾಗ ಅದರ ತುದಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಕಾವಿನಲ್ಲಿ ಎಲೆ ಸುಟ್ಟು ಹೊರಡುವ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಟಾರು ಶ್ವಾಸಕೋಶಕ್ಕೆ, ಕಾರ್ಬನ್ ಮಾನಾಕ್ಸೈಡ್ ರಕ್ತಕ್ಕೆ. ವೇಪಿನಲ್ಲಿ ಯಾವುದೂ ಉರಿಯುವುದಿಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ನಿಕೋಟಿನ್ ಬೆರೆತ ದ್ರವವನ್ನು ಒಂದು ಸಣ್ಣ ಸುರುಳಿ ತಂತಿ ಕಾಯಿಸಿ ಮಂಜು ಮಾಡುತ್ತದೆ. ನೀನಿರುವ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ಇದು ಸಿಗರೇಟಿಗಿಂತ ಶೇ. 95ರಷ್ಟು ಕಡಿಮೆ ಹಾನಿಕರ ಅಂದಿತು. ಆ 95 ಅಳೆದು ತೂಗಿ ಬಂದ ಸಂಖ್ಯೆಯಲ್ಲ, ತಜ್ಞರು ಕೂತು ಮಾಡಿದ ಅಂದಾಜು. ಅದರ ಮೇಲೆ ಇವತ್ತಿಗೂ ಜಗಳವಿದೆ. ಈ ಸಾಮಾನು ಹುಟ್ಟಿದ್ದೇ 2003ರ ಹೊತ್ತಿಗೆ. ನಲವತ್ತು ವರ್ಷ ಎಳೆದವನ ಶ್ವಾಸಕೋಶ ಹೇಗಿರುತ್ತದೆ ಅಂತ ತೋರಿಸಲು ಅಂಥವನೊಬ್ಬ ಇನ್ನೂ ಇಲ್ಲ. ಆದರೂ ಸುಟ್ಟ ಹೊಗೆಗಿಂತ ಇದು ಕಡಿಮೆ ಕೆಟ್ಟದ್ದು ಎಂಬುದರಲ್ಲಿ ತಿಳಿದವರಿಗೆ ದೊಡ್ಡ ಅನುಮಾನವಿಲ್ಲ. ಹಾಗಾಗಿ "ಎರಡೂ ಒಂದೇ, ಸಿಗರೇಟಿಗೇ ವಾಪಸ್ ಹೋಗು" ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ.

ಇನ್ನು ಅಮ್ಮನ ಅರ್ಧ. ಜುಲೈ, ಆಗಸ್ಟಿನ ಬೆಳಗಿನಲ್ಲಿ ಬುಡದ ಎಲೆ ಮುರಿಯುವುದನ್ನು ನೀನು ಚಿಕ್ಕಂದಿನಲ್ಲಿ ನೋಡಿದ್ದೀಯ. ಮಳೆಯಲ್ಲಿ ನೆಂದ ಎಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಸಾಲು ಮುಗಿಸುವಷ್ಟರಲ್ಲಿ ಕೈಗೆ ಕಪ್ಪು ಜಿಗುಟು, ಅಂಗಿಯೆಲ್ಲ ಒದ್ದೆ. ಹೊಸದಾಗಿ ಕೂಲಿಗೆ ಬಂದ ಹುಡುಗರು ಮಧ್ಯಾಹ್ನದ ಹೊತ್ತಿಗೆ ತಲೆ ಹಿಡಿದು ಬದುವಿನ ಮೇಲೆ ಕೂರುತ್ತಾರೆ. ಹೊಟ್ಟೆ ತೊಳೆಸುತ್ತದೆ, ವಾಂತಿಯಾಗುತ್ತದೆ, ಮೈ ಬೆವರುತ್ತದೆ. ಯಾರೂ ಒಂದು ಬೀಡಿ ಸಹ ಹಚ್ಚಿರುವುದಿಲ್ಲ. ಎಲೆಯ ಮೇಲಿನ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಇಳಿದಿರುತ್ತದೆ. ಸೋಪು ಹಾಕಿ ಸ್ನಾನ ಮಾಡಿಸಿ, ಬಟ್ಟೆ ಬದಲಾಯಿಸಿ ಮಲಗಿಸಿದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತಾರೆ. ಹುಳ ತನ್ನನ್ನು ತಿನ್ನದಿರಲಿ ಅಂತ ಗಿಡ ತಾನೇ ಮಾಡಿಕೊಂಡ ವಿಷ ಅದು. ತರಕಾರಿಗೆ ಹೇನು ಬಿದ್ದರೆ ಹೊಗೆಸೊಪ್ಪಿನ ಕಷಾಯ ಹೊಡೆಯುವುದು ಸುಮ್ಮನೆಯೇ? ಹೊಗೆ ಇಲ್ಲದಿದ್ದರೂ ಅದು ತನ್ನ ಕೆಲಸ ಮಾಡುತ್ತದೆ. ನಿನ್ನ ಕೈಯಲ್ಲಿರುವ ಆ ಪೆನ್ನಿನಂಥ ವಸ್ತುವಿನಿಂದ ಬರುವುದನ್ನು ಬರೀ ನೀರಿನ ಆವಿ ಅಂತ ನಿನ್ನ ಸ್ನೇಹಿತರು ಅಂದರೆ, ಅವರಿಗೆ ನಮ್ಮ ಹೊಲದ ಬದು ತೋರಿಸು.

ಕ್ಯಾನ್ಸರಿನ ಮುಖ್ಯ ಕಾರಣ ನಿಕೋಟಿನ್ ಅಲ್ಲ, ಒಪ್ಪುತ್ತೇನೆ. ಅದು ಎದೆಬಡಿತ ಏರಿಸುತ್ತದೆ, ರಕ್ತನಾಳ ಬಿಗಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತನ್ನನ್ನು ಬಿಡಗೊಡುವುದಿಲ್ಲ. ಆ ಕಟ್ಟು ಬಿಗಿಯಾಗುವುದಕ್ಕೂ ಗಂಟಲಿನ ಉರಿ ಕಡಿಮೆಯಾಗುವುದಕ್ಕೂ ಸಂಬಂಧವಿದೆ.

ಸೊಪ್ಪು ಬೇಯಿಸುವ ನಮ್ಮ ಬ್ಯಾರನ್ನನ್ನೇ ತೆಗೆದುಕೊ. ಒಲೆ ಹೊರಗಡೆ, ಸೊಪ್ಪು ಒಳಗಡೆ. ಸೌದೆಯ ಹೊಗೆ ತಗಡಿನ ಕೊಳವೆಯಲ್ಲಿ ಹಾದು ಹೊರಗೆ ಹೋಗುತ್ತದೆ, ಎಲೆಗೆ ತಾಗುವುದು ಕಾವು ಮಾತ್ರ. ಐದಾರು ದಿನ, 35 ಡಿಗ್ರಿಯಿಂದ ಮೆಲ್ಲಗೆ ಏರಿಸುತ್ತಾ 70ರ ಆಸುಪಾಸಿಗೆ ಒಯ್ದರೆ ಎಲೆ ಬಂಗಾರದ ಬಣ್ಣಕ್ಕೆ ತಿರುಗಿ, ಅದರ ಸಕ್ಕರೆ ಅದರಲ್ಲೇ ಉಳಿಯುತ್ತದೆ. ಹೀಗೆ ಬೆಂದ ಎಲೆಯ ಹೊಗೆ ತುಸು ಆಮ್ಲೀಯ. ಗಂಟಲು ಕೆರೆಯುವುದಿಲ್ಲ, ಆಳವಾಗಿ ಎಳೆಯಬಹುದು. ಚುಟ್ಟಾ, ಸಿಗಾರಿನ ಖಾರದ ಹೊಗೆಯನ್ನು ಬಾಯಲ್ಲಿ ಇಟ್ಟು ಬಿಡುವವರೇ ಹೆಚ್ಚು. ಸಿಗರೇಟಿನದು ನೆಟ್ಟಗೆ ಶ್ವಾಸಕೋಶಕ್ಕೆ, ಅಲ್ಲಿಂದ ಕೆಲವೇ ಸೆಕೆಂಡಿನಲ್ಲಿ ಮೆದುಳಿಗೆ. ಸಿಗರೇಟು ಜಗತ್ತನ್ನು ಗೆದ್ದದ್ದರಲ್ಲಿ ಈ ನಯದ ಪಾಲು ದೊಡ್ಡದು.

ವೇಪಿನವರೂ ಇದೇ ದಾರಿ ಹಿಡಿದರು. ಮೊದಮೊದಲ ಸಾಧನಗಳಲ್ಲಿ ನಿಕೋಟಿನ್ ಹೆಚ್ಚಿಸಿದರೆ ಗಂಟಲು ಸುಡುತ್ತಿತ್ತು, ಜನ ಬಿಸಾಡುತ್ತಿದ್ದರು. 2015ರಲ್ಲಿ ಅಮೆರಿಕದಲ್ಲಿ ಜೂಲ್ ಎಂಬ ವೇಪ್ ಬಂತು. ಬೆಂಜೋಯಿಕ್ ಆಮ್ಲ ಬೆರೆಸಿ ನಿಕೋಟಿನ್ನನ್ನು ಲವಣವಾಗಿಸಿದರು. ಅಂಶ ಎಷ್ಟು ಹೆಚ್ಚಿಸಿದರೂ ಮೃದು. ಅಲ್ಲಿನ ಹೈಸ್ಕೂಲು ಮಕ್ಕಳು ಮುಗಿಬಿದ್ದರು. ಬ್ಯಾರನ್ನಿನಲ್ಲಿ ಕಾವು ಮಾಡಿದ್ದನ್ನು ಇಲ್ಲಿ ಆಮ್ಲ ಮಾಡಿತು. ಇದು ನನ್ನ ಮಟ್ಟಿಗೆ ಬರೀ ವಿಜ್ಞಾನದ ಸಂಗತಿಯಲ್ಲ. ನಯವಾಗಿ ಇಳಿಯುವುದನ್ನು ಮನುಷ್ಯ ಲೆಕ್ಕವಿಟ್ಟು ಎಳೆಯುವುದಿಲ್ಲ. ಸಿಗರೇಟಾದರೆ ಒಂದು ಮುಗಿಯುತ್ತದೆ, ಆರಿಸುತ್ತೀಯ. ಇದು ಮುಗಿಯುವುದೇ ಇಲ್ಲ. ಹಾಸಿಗೆಯಲ್ಲಿ, ಬಾತ್‌ರೂಮಿನಲ್ಲಿ, ಬಸ್‌ಸ್ಟಾಪಿನಲ್ಲಿ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಒಂದು ದಿನ ನಿನ್ನನ್ನು ನೀನೇ ಗಮನಿಸು.

ಮಾರುವವರು ಯಾರು ಅಂತಲೂ ನೋಡು. ವೇಪನ್ನು ಕಂಡುಹಿಡಿದವನು ಹೋನ್ ಲಿಕ್ ಎಂಬ ಚೀನಾದ ಔಷಧ ತಜ್ಞ. ಸ್ವತಃ ಸಿಗರೇಟು ಸೇದುತ್ತಿದ್ದ. ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು. ಅವನ ಉದ್ದೇಶದಲ್ಲಿ ನನಗೆ ಅನುಮಾನವಿಲ್ಲ. ಆದರೆ 2013ರಲ್ಲಿ ಆ ಪೇಟೆಂಟುಗಳನ್ನು ಏಳೂವರೆ ಕೋಟಿ ಡಾಲರ್ ಕೊಟ್ಟು ಕೊಂಡದ್ದು ಇಂಪೀರಿಯಲ್ ಟೊಬ್ಯಾಕೊ. 2018ರಲ್ಲಿ ಜೂಲ್‌ನ ಶೇ. 35 ಪಾಲಿಗೆ 1280 ಕೋಟಿ ಡಾಲರ್ ಸುರಿದದ್ದು ಮಾರ್ಲ್‌ಬರೊ ಮಾರುವ ಆಲ್ಟ್ರಿಯಾ. ನಮ್ಮ ಎಲೆಗೆ ಬೆಲೆ ಕಟ್ಟುವ ಲೋಕ ನನಗೆ ಸ್ವಲ್ಪ ಗೊತ್ತು ಮಗಾ. ಗಿರಾಕಿ ಬಿಟ್ಟುಹೋಗಲಿ ಅಂತ ಯಾರೂ ಅಷ್ಟು ದುಡ್ಡು ಹಾಕುವುದಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ: "ಬಿಡೋದಕ್ಕೇ ತಾನೇ ದೊಡ್ಡಪ್ಪ ಇದನ್ನ ಹಿಡಿದದ್ದು?" ಬ್ರಿಟನ್ನಿನಲ್ಲೇ 886 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು, 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ವೇಪ್, ಇನ್ನೊಂದಕ್ಕೆ ನಿಕೋಟಿನ್ ಗಮ್, ಪ್ಯಾಚ್‌ನಂಥವು. ವರ್ಷದ ಕೊನೆಗೆ ಸಿಗರೇಟು ಬಿಟ್ಟಿದ್ದವರು ವೇಪ್ ಗುಂಪಿನಲ್ಲಿ ಶೇ. 18, ಇನ್ನೊಂದರಲ್ಲಿ ಶೇ. 9.9. ಅಂದರೆ ನೀನು ಹಿಡಿದ ದಾರಿ ಕೆಲಸ ಮಾಡುತ್ತದೆ. ಆದರೆ ಬಿಟ್ಟವರ ಪೈಕಿ ವೇಪ್ ಗುಂಪಿನ ಶೇ. 80 ಜನ ವರ್ಷದ ಮೇಲೂ ವೇಪ್ ಎಳೆಯುತ್ತಲೇ ಇದ್ದರು. ಗಮ್, ಪ್ಯಾಚ್ ಗುಂಪಿನಲ್ಲಿ ತಮಗೆ ಕೊಟ್ಟದ್ದನ್ನು ಮುಂದುವರಿಸಿದವರು ಶೇ. 9 ಮಾತ್ರ. ಮೀಟರ್ ಬಡ್ಡಿಯವನ ಸಾಲ ತೀರಿಸಲು ಸೊಸೈಟಿಯಲ್ಲಿ ಸಾಲ ಮಾಡಿದ ಹಾಗೆ: ಬಡ್ಡಿ ಇಳಿಯಿತು, ಮೈಮೇಲಿನ ಸಾಲ ಹಾಗೇ ಇದೆ. ನೀನು "ಬಿಟ್ಟೆ" ಅಂದೆಯಲ್ಲ, ಅದು ಇನ್ನೂ ನಿಜವಾಗಿಲ್ಲ.

ಆತುರ ಬೇಡ. ಇವತ್ತೇ ವೇಪ್ ಬಿಸಾಡಿ ನಾಳೆ ಸಿಗರೇಟಿಗೆ ಹೋದರೆ ಅದಕ್ಕಿಂತ ದಡ್ಡತನವಿಲ್ಲ. ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ವೈದ್ಯರೂ ಸಿಗರೇಟಿಗೆ ಹಿಂದಿರುಗುವ ಭಯ ಹೋಗುವ ತನಕ ಕಾಯಿರಿ ಅನ್ನುತ್ತಾರೆ. ಆಮೇಲೆ ಇಳಿಸು. ಬ್ರಿಟನ್ನಿನಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಿ ಮಾರುವ ಹಾಗಿಲ್ಲ. ಬಳಸಿ ಬಿಸಾಡುವ ಸಾಧನಗಳ ಮಾರಾಟವೂ 2025ರ ಜೂನ್ 1ರಿಂದ ನಿಂತಿದೆ. ದ್ರವ ತುಂಬುವಂಥದ್ದೇ ಈಗ ನಿನ್ನಲ್ಲಿದ್ದರೆ ಅನುಕೂಲವೇ. 20ರಿಂದ 10ಕ್ಕೆ ಬಾ, ಕೆಲವು ವಾರ ನಿಲ್ಲು, 5ಕ್ಕೆ ಬಾ, ಸೊನ್ನೆಗೆ ಬಾ. ಅಂಶ ಇಳಿಸಿ ಎಳೆಯುವುದನ್ನು ಎರಡರಷ್ಟು ಮಾಡಿದರೆ ಇಳಿದಂತಾಗಲಿಲ್ಲ, ಆ ಮೋಸವನ್ನು ನೀನೇ ಹಿಡಿಯಬೇಕು. ಮಲಗುವ ಕೋಣೆಗೆ ಆ ಸಾಮಾನು ತರಬೇಡ. ಆ ದ್ರವದ ಬಾಟಲಿ ಮಕ್ಕಳಿರುವ ಕಡೆ ಬಿಡಲೇಬೇಡ. ಗಿಡಕ್ಕೆ ಹೊಡೆಯುವ ಔಷಧಿಯಷ್ಟೇ ಜೋಪಾನ ಮಾಡಬೇಕಾದ ವಿಷ ಅದು. ಅಲ್ಲಿ ಸಿಗರೇಟು ಬಿಡಿಸಲು ಸರ್ಕಾರದ್ದೇ ಉಚಿತ ಸೇವೆಯಿದೆ, ಸಂಕೋಚಪಡದೆ ಹೋಗು.

ಗಟ್ಟಿಯಾಗಿ ಹೇಳಬೇಕಾದ್ದು ಇನ್ನೊಂದಿದೆ. ವಾರಪೂರ್ತಿ ವೇಪ್, ಶನಿವಾರ ಗೆಳೆಯರ ಜೊತೆ ಎರಡು ಸಿಗರೇಟು ಎಂಬ ಏರ್ಪಾಡು ಮಾಡಿಕೊಂಡಿದ್ದರೆ ಅದನ್ನು ಮುರಿ. ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ ಹೃದಯಾಘಾತದ ಹೆಚ್ಚುವರಿ ಅಪಾಯ, ಇಪ್ಪತ್ತು ಸೇದುವವನಿಗಿರುವುದರ ಸುಮಾರು ಅರ್ಧದಷ್ಟಿರುತ್ತದೆ ಅಂತ 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವರು ಹೇಳಿದ್ದಾರೆ. ಇಪ್ಪತ್ತನೇ ಒಂದು ಭಾಗವಲ್ಲ, ಅರ್ಧ! ಹೃದಯಕ್ಕೆ ನಮ್ಮ ಗಣಿತ ಬರುವುದಿಲ್ಲ. ಎರಡನ್ನೂ ಇಟ್ಟುಕೊಂಡವನು ಎರಡರ ಕೆಟ್ಟದ್ದನ್ನೂ ಇಟ್ಟುಕೊಂಡ.

ದಸರಾಕ್ಕೆ ಬರುತ್ತೇನೆ ಅಂದಿದ್ದೀಯ, ಬಾ. ಬ್ಯಾಗಿನಲ್ಲಿ ಅದನ್ನು ಮಾತ್ರ ತರಬೇಡ. ಕರ್ನಾಟಕ 2016ರಲ್ಲೇ ಇ-ಸಿಗರೇಟು, ಅಂದರೆ ಈ ವೇಪ್, ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ತಯಾರಿ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಪೆಟ್ಟಿಗೆ ಅಂಗಡಿಯಲ್ಲಿ ಬಿಡಿ ಸಿಗರೇಟು ಸಲೀಸಾಗಿ ಸಿಗುವ ದೇಶದಲ್ಲಿ ಕಡಿಮೆ ಕೆಟ್ಟದ್ದನ್ನು ಮುಚ್ಚಿ ಹೆಚ್ಚು ಕೆಟ್ಟದ್ದನ್ನು ತೆರೆದಿಟ್ಟಿದ್ದಾರೆ ಅಂತ ನೀನು ವಾದಿಸಬಹುದು. ವಾದದಲ್ಲಿ ಹುರುಳಿದೆ. ಆ ನಿಷೇಧವನ್ನು ಸ್ವಾಗತಿಸಿದವರಲ್ಲಿ ತಂಬಾಕು ಬೆಳೆಗಾರರ ಸಂಘಟನೆಯವರೂ ಇದ್ದರು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಆದರೂ ಕಾನೂನು ಕಾನೂನೇ, ಏರ್‌ಪೋರ್ಟಿನಲ್ಲಿ ವಾದ ಕೇಳುವವರಿಲ್ಲ. ಬೆಂಗಳೂರಿನಲ್ಲಿ ಕದ್ದು ಸಿಗುತ್ತದಂತೆ ಅಂತ ಆಸೆಪಡಲೂ ಬೇಡ. ಶೇ. 5 ಅಂತ ಬರೆದ ಸರಕಿನಲ್ಲಿ ಮಿಲಿಲೀಟರಿಗೆ 50 ಮಿಲಿಗ್ರಾಂ, ನಿನ್ನ ಬ್ರಿಟನ್ನಿನ ಮಿತಿಯ ಎರಡೂವರೆ ಪಟ್ಟು. ಅದೂ ಆ ಬರಹ ನಿಜವಿದ್ದರೆ! ಅಮೆರಿಕದಲ್ಲಿ 2019ರಲ್ಲಿ ವೇಪ್ ಎಳೆದು ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದವರು 2020ರ ಫೆಬ್ರವರಿ ಹೊತ್ತಿಗೆ 2807, ಸತ್ತವರು 68. ಬಹುಪಾಲಿಗೆ ಕಾರಣ ಗಾಂಜಾ ಅಂಶದ ಕಳ್ಳ ಸರಕಿಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್. ಅಂಗಡಿಯಲ್ಲಿ ಲೆಕ್ಕಕ್ಕೆ ಸಿಗುವ ಸರಕಿನ ಕಥೆಯಲ್ಲ ಅದು. ಆದರೆ ನಮ್ಮಲ್ಲಿ ಸಿಗುವುದೆಲ್ಲ ಲೆಕ್ಕಕ್ಕೆ ಸಿಗದ ಸರಕೇ ತಾನೇ?

ನಿನ್ನ ತಂಗಿ ಪಿಯುಸಿಯಲ್ಲಿದ್ದಾಳೆ. ಅವಳ ಮುಂದೆ ವೇಪಿನ ಮಾತೆತ್ತಬೇಡ, ಮಾವಿನಹಣ್ಣಿನ ಪರಿಮಳ ಅಂತ ಆಸೆ ಹುಟ್ಟಿಸಬೇಡ. ಸೇದುತ್ತಿದ್ದವನಿಗೆ ಇದು ಕೆಳಗಿಳಿಯುವ ಮೆಟ್ಟಿಲಾಗಬಹುದು. ಸೇದದ ಮಗುವಿಗೆ ಇದರಿಂದ ಒಂದು ಕಾಸಿನ ಲಾಭವಿಲ್ಲ. ಇಪ್ಪತ್ತೈದರ ತನಕ ಮೆದುಳು ಬೆಳೆಯುತ್ತಲೇ ಇರುತ್ತದೆ, ಆ ವಯಸ್ಸಿನಲ್ಲಿ ಅಂಟಿದ್ದು ಬೇಗ ಬಿಡುವುದಿಲ್ಲ. ನಮ್ಮ ರಾಜ್ಯದಲ್ಲಿ 2025ರಿಂದ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ್ದು ಸುಮ್ಮನೆ ಅಲ್ಲ.

ಬೆಂಗಳೂರಿನಲ್ಲಿರುವ ನಿನ್ನ ಗೆಳೆಯರು, ಇನ್ನೂ ಸಿಗರೇಟು ಹಚ್ಚುವವರು, ನಿನ್ನನ್ನು ನೋಡಿ ವೇಪ್ ತರಿಸಿಕೊಡು ಅಂದರೆ ತರಿಸಬೇಡ. ಮೆಡಿಕಲ್ ಸ್ಟೋರಿನಲ್ಲಿ 2 ಮಿಲಿಗ್ರಾಂನ ನಿಕೋಟಿನ್ ಗಮ್ ಸಿಗುತ್ತದೆ ಅಂತ ಹೇಳು. ಬಬಲ್‌ಗಮ್ಮಿನ ಹಾಗೆ ಜಗಿಯಬಾರದು. ಖಾರ ಬರುವ ತನಕ ನಿಧಾನ ಕಚ್ಚಿ, ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು. ಚಪಲ ಎದ್ದರೆ ಕೆಲವು ನಿಮಿಷದಲ್ಲಿ ಇಳಿಯುತ್ತದೆ, ಮೊದಲ ವಾರ ಕಠಿಣ, ಮೂರು ನಾಲ್ಕು ವಾರ ದಾಟಿದರೆ ಹಗುರ. ತಡೆಯಲಾಗದವರಿಗೆ ವೈದ್ಯರು ಕೊಡುವ ಮಾತ್ರೆಗಳಿವೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356. ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಇವತ್ತೇ ಅವರಿಗೆಲ್ಲ ಕಳಿಸು.