ಅಂಬಾಸಿಡರಿಗೆ ಫ್ಲೋರ್ ಗೇರ್: ರಾಡ್ ಉದ್ದದ್ದೋ, ಗಿಡ್ಡದ್ದೋ?

ಪ್ರಶ್ನೆ: ಅಪ್ಪನ ಕಾಲದ ಅಂಬಾಸಿಡರ್ ಇದೆ, ಸ್ಟೇರಿಂಗ್ ಗೇರಿನದು. ಗುಜರಿಗೆ ಬಂದ 1800 ಐಎಸ್‌ಝಡ್ ಗಾಡಿಯ ಇಸುಜು ಎಂಜಿನ್, ಅದರ ಐದು ಗೇರಿನ ಬಾಕ್ಸ್ ಸಿಕ್ಕಿವೆ. ಗೇರ್ ಈಗ ನೆಲಕ್ಕೆ ಬರುತ್ತದೆ. ಬಾಕ್ಸಿನ ಜೊತೆ ಬಂದ ಉದ್ದ ರಾಡನ್ನೇ ಹಾಕಿಸಲೋ, ಆನ್‌ಲೈನಿನಲ್ಲಿ ಸಿಗುವ ‘ಶಾರ್ಟ್ ಶಿಫ್ಟರ್’ ತರಿಸಲೋ? ಕಲಬುರಗಿಯ ಮಿಸ್ತ್ರಿ ಒಂದು ಹೇಳುತ್ತಾರೆ, ಗೆಳೆಯರು ಇನ್ನೊಂದು.
— ಓದುಗರು, ಕಮಲಾಪುರ

ಉತ್ತರ: ಉದ್ದದ್ದನ್ನೇ ಹಾಕಿಸಿ.

ಸ್ಟೇರಿಂಗ್ ಗೇರಿನಲ್ಲಿ ಏಗಿದವರಿಗೆ ಗಿಡ್ಡ ರಾಡಿನ ಆಸೆ ಹುಟ್ಟುವುದು ಸಹಜ. ಅಂಬಾಸಿಡರಿನ ಆ ಏರ್ಪಾಡು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಬಳುವಳಿ. ನೀವು ಮೇಲೆ ರಾಡ್ ಆಡಿಸಿದರೆ ಸ್ಟೇರಿಂಗ್ ಕಂಬದ ಬುಡದಲ್ಲಿರುವ ತೋಳು ತಿರುಗಬೇಕು, ಅದು ಸಲಾಕೆ ಎಳೆಯಬೇಕು, ಸಲಾಕೆ ಬಾಕ್ಸಿಗೆ ಸುದ್ದಿ ಮುಟ್ಟಿಸಬೇಕು. ಕೀಲು ಕೀಲಿಗೂ ಒಂದು ಬುಷ್. ಅವು ಸವೆದ ಗಾಡಿ ಎರಡು ಗೇರಿನ ನಡುವೆ ಸಿಕ್ಕಿಕೊಂಡು, ಚಾಲಕ ನಡುರಸ್ತೆಯಲ್ಲಿ ಇಳಿದು ಬಾನೆಟ್ ಎತ್ತಿ, ಸ್ಪ್ಯಾನರಿನಿಂದ ತೋಳಿಗೆ ಎರಡೇಟು ತಟ್ಟಿ ನ್ಯೂಟ್ರಲ್‌ಗೆ ತಂದು, ಹಿಂದಿನವರ ಹಾರ್ನ್ ಕೇಳಿಸದವರಂತೆ ಬಂದು ಕೂರುವುದನ್ನು ನಿಮ್ಮ ಅಪ್ಪನವರು ಕಂಡಿರುತ್ತಾರೆ, ಮಾಡಿಯೂ ಇರಬಹುದು.

1992ರಲ್ಲಿ ಬಂದ ಐಎಸ್‌ಝಡ್ ಗಾಡಿ ಈ ಕಾಟವನ್ನು ಬಹುಪಾಲು ಕಳೆಯಿತು. ಫ್ಲೋರ್ ಗೇರಿನ ರಾಡು ನೇರ ಬಾಕ್ಸಿನ ತಲೆಯ ಮೇಲೆಯೇ ಗುಂಡಿನ ಕೀಲಿನಲ್ಲಿ ಕೂರುತ್ತದೆ. ನಡುವೆ ಸಲಾಕೆಯಿಲ್ಲ, ಕೀಲುಗಳ ಸಾಲಿಲ್ಲ. ಅಂದರೆ ನಿಮಗೆ ಬೇಕಾಗಿದ್ದ ಬಿಗುವು ಬಾಕ್ಸ್ ಬದಲಿಸಿದ್ದರಲ್ಲೇ ಸಿಕ್ಕಿಬಿಟ್ಟಿದೆ.

ಇನ್ನು ಗಿಡ್ಡ ರಾಡಿನ ಲೆಕ್ಕ. ಗೇರ್ ರಾಡ್ ಒಂದು ಸನ್ನೆಕೋಲು. ಕೀಲಿನಿಂದ ಮೇಲಕ್ಕೆ 30 ಸೆಂ.ಮೀ., ಕೆಳಕ್ಕೆ 4 ಸೆಂ.ಮೀ. ಇದೆಯೆನ್ನಿ. ಕೆಳತುದಿ ಒಂದು ಸೆಂ.ಮೀ. ಸರಿಯಬೇಕಾದರೆ ನಿಮ್ಮ ಕೈ ಏಳೂವರೆ ಸೆಂ.ಮೀ. ಹೋಗಬೇಕು. ಮೇಲಿನದನ್ನು 20ಕ್ಕೆ ಕತ್ತರಿಸಿದರೆ ಐದೇ ಸೆಂ.ಮೀ. ಸಾಕು. ಆದರೆ ಹಾಕಬೇಕಾದ ಬಲ ಒಂದೂವರೆ ಪಟ್ಟಾಗುತ್ತದೆ. ಇದು ತೂತು ಬಿದ್ದ ಚೀಲದ ಲಾಭ: ಇಲ್ಲಿ ತುಂಬಿದ್ದು ಅಲ್ಲಿ ಸೋರುತ್ತದೆ.

ಆ ಹೆಚ್ಚಿನ ಜೋರು ಬಿದ್ದ ಕಡೆ ನೋಡಿ. ಬಾಕ್ಸಿನೊಳಗೆ ಹಿತ್ತಾಳೆ ಬಣ್ಣದ ಸಿಂಕ್ರೊ ರಿಂಗುಗಳಿವೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಉಜ್ಜಿ ಒಂದೇ ವೇಗಕ್ಕೆ ತಂದಮೇಲೆ ಹಲ್ಲು ಕಚ್ಚಲು ಬಿಡುವುದು ಅವುಗಳ ಕೆಲಸ. ಅದಕ್ಕೆ ಅರೆಕ್ಷಣ ಬೇಕು. ಉದ್ದ ರಾಡ್ ಆ ಅರೆಕ್ಷಣವನ್ನು ತಾನಾಗಿಯೇ ಕೊಡುತ್ತದೆ. ಗಿಡ್ಡದ್ದರಲ್ಲಿ ಕೈ ಅವಸರ ಮಾಡುತ್ತದೆ. ಗುಜರಿಯಿಂದ ಬಂದ ಬಾಕ್ಸಿನ ರಿಂಗು ಎಷ್ಟು ಓಡಿದೆಯೋ! ಸಾಮಾನ್ಯವಾಗಿ ಮೊದಲು ಗರ್ ಎನ್ನುವುದು ಎರಡನೇ ಗೇರು.

ಇನ್ನೊಂದು. ಶಾರ್ಟ್ ಶಿಫ್ಟರುಗಳನ್ನು ಒಂದೊಂದು ಬಾಕ್ಸಿನ ಅಳತೆಗೆ ಮಾಡಿರುತ್ತಾರೆ. ‘ಎಲ್ಲ ಗಾಡಿಗೂ ಹೊಂದುತ್ತದೆ’ ಎಂದು ಮಾರುವುದನ್ನು ಲೇತಿಗೆ ಹಾಕಿ ವೆಲ್ಡ್ ಮಾಡಿಯೇ ಕೂರಿಸಬೇಕು. ಕೆಳಗಿನ ಬೆರಳು ತುಸು ಗಿಡ್ಡವಾದರೂ ಗೇರ್ ಪೂರ್ತಿ ಕೂರದೆ, ಗುಂಡಿ ಹಾರಿದಾಗ ತಾನೇ ಹೊರಬೀಳುತ್ತದೆ. ಬೇಡ.

ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ರಾಡ್ ಎಲ್ಲಿ ಮೇಲೆ ಬರುತ್ತದೆ ಎಂಬುದಕ್ಕೆ. ಮುಂದಿನ ಉದ್ದ ಸೀಟು ಇನ್ನೂ ಇದ್ದರೆ ಅದರ ನಡುವಿನ ಜಾಗಕ್ಕೆ ರಾಡ್ ಬಂದು ನಿಲ್ಲುತ್ತದೆ. ಮುಂದೆ ಮೂರನೆಯವರನ್ನು ಕೂರಿಸುವ ನಮ್ಮ ಕಡೆಯ ರೂಢಿ ಅಲ್ಲಿಗೆ ಮುಗಿಯಿತು, ಒಳ್ಳೆಯದೇ ಆಯಿತು. ಬಕೆಟ್ ಸೀಟು ಹಾಕಿಸಿ. ನೆಲ ಕತ್ತರಿಸುವ ಮೊದಲು ಬಾಕ್ಸನ್ನು ಕೂರಿಸಿ, ಗಾಡಿ ಓಡಿಸುವವರೇ ಸೀಟಿನಲ್ಲಿ ಕೂತು ಕ್ಲಚ್ಚನ್ನು ಪೂರ್ತಿ ತುಳಿಯಲಿ. ಮುಂದಕ್ಕೆ ಬೀಳುವ ಗೇರಿನಲ್ಲಿ ಬೆನ್ನು ಸೀಟು ಬಿಟ್ಟು ಏಳಬಾರದು, ಗೆಣ್ಣು ಡ್ಯಾಶಿಗೆ ತಾಗಬಾರದು. ಹಿಂದಕ್ಕೆ ಬೀಳುವುದರಲ್ಲಿ ಮೊಣಕೈ ಸೀಟಿಗೆ ಬಡಿಯಬಾರದು. ಹೊಂದದಿದ್ದರೆ ರಾಡನ್ನು ಕತ್ತರಿಸದೆ ಕಾಯಿಸಿ ಬಾಗಿಸಿ. ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಬಾಕ್ಸಿನ ಮೌಂಟಿಂಗ್, ಸ್ಪೀಡೋಮೀಟರ್ ಕೇಬಲ್ ಇವನ್ನು ಮಿಸ್ತ್ರಿ ನೋಡಿಕೊಳ್ಳುತ್ತಾರೆ.

ದುಡ್ಡು ಉಳಿದರೆ ರಾಡಿನ ಬುಡದ ಬುಷ್ ಹೊಸದು ಹಾಕಿಸಿ, ರಬ್ಬರ್ ಬೂಟ್ ಗಟ್ಟಿಯದು ತನ್ನಿ. ತೊಗರಿ ರಾಶಿಯ ಕಾಲದ ಧೂಳು ಒಂದು ಸಣ್ಣ ಸೀಳಿದ್ದರೂ ಒಳಗೆ ಬರುತ್ತದೆ. ನಾಬ್ ಮಾತ್ರ ಹೊಳೆಯುವ ಅಲ್ಯೂಮಿನಿಯಂನದು ಬೇಡ. 43 ಡಿಗ್ರಿ ಮುಟ್ಟುವ ನಮ್ಮ ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಗಾಡಿಯಲ್ಲಿ ಅಂಥ ನಾಬ್ ಹಿಡಿದು, ಅಂಗೈ ಊದಿಕೊಂಡು, ಕೊನೆಗೆ ಟವೆಲ್ ಸುತ್ತಿ ಓಡಿಸಿದವನು ನಾನು. ಕಟ್ಟಿಗೆಯದು ಅಥವಾ ಗಟ್ಟಿ ರಬ್ಬರಿನದು ಸಾಕು. ಅದರ ನೆತ್ತಿಯ ಮೇಲೆ ನಿಮ್ಮ ಬಾಕ್ಸಿನ ಗೇರ್ ನಕ್ಷೆ ಕೆತ್ತಿಸಿ. ನಾಲ್ಕು ಗೇರಿಗೆ ಒಗ್ಗಿದ ಅಪ್ಪನವರ ಕೈ ಐದನೆಯದನ್ನು ಹುಡುಕುವಾಗ ರಿವರ್ಸಿಗೆ ಹೋಗಬಾರದು.

ಕಾಗದದ ಕೆಲಸ ಮೊದಲು. ಗೇರ್ ಬಾಕ್ಸ್ ಆರ್‌ಸಿಯಲ್ಲಿ ಬರುವುದಿಲ್ಲ, ಎಂಜಿನ್ ನಂಬರು ಮತ್ತು ಸಿಸಿ ಬರುತ್ತವೆ. ಹಳೆಯದು 1489 ಸಿಸಿ ಪೆಟ್ರೋಲ್ ಆಗಿದ್ದರೆ ಹೊಸದು 1817. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವ್ಯಾಪ್ತಿಗೆ ಬರುವ ವಿಷಯ ಇದು. ಎಂಜಿನ್ ಇಳಿಸುವ ಮುಂಚೆಯೇ ಕಲಬುರಗಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ.

ಎಲ್ಲ ಮುಗಿದಮೇಲೆ ಹುಮನಾಬಾದ ಬೇಸ್ ದಾಟಿ ಮಹಾಗಾಂವ ಕ್ರಾಸ್ ತನಕ ಒಂದು ಸುತ್ತು ಓಡಿಸಿ ನೋಡಿ. ಬಿಚ್ಚಿದ ಹಳೆ ಸ್ಟೇರಿಂಗ್ ಗೇರಿನ ರಾಡು, ತೋಳು, ಸಲಾಕೆ ಯಾವುದನ್ನೂ ಗುಜರಿಗೆ ಹಾಕಬೇಡಿ. ಗ್ರೀಸ್ ಹಚ್ಚಿ ಗೋಣಿಯಲ್ಲಿ ಸುತ್ತಿಡಿ. ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಿಗೇ ನಿಂತಿದೆ.