ಪಾಠ: ಕೋಶಪೊರೆಯ ಸಾಗಣೆ ಪ್ರೋಟೀನುಗಳು – ಕೆಲಸ ಮತ್ತು ಕುಲ

ಉದ್ದೇಶ: ಒಂದೇ ಕೆಲಸ ಮಾಡುವ ಪ್ರೋಟೀನುಗಳೆಲ್ಲ ಒಂದೇ ಮೂಲದವಲ್ಲವೆಂಬುದನ್ನು ವಿದ್ಯಾರ್ಥಿಗಳು ಉದಾಹರಣೆಯಿಂದ ಗ್ರಹಿಸುವುದು.

ಪೀಠಿಕೆ: ಫೋಂಡಾ ತಾಲೂಕಿನ ಉಸಗಾಂವದ ಮಕ್ಕಳಿಗೆ ತಿಸ್ಕ ನಾಕೆಯ ಲಾರಿಗಳು ಚಿರಪರಿಚಿತ. ಲಾರಿಗಳನ್ನು ಹೇರಿದ ಸರಕಿನಿಂದ ವಿಂಗಡಿಸಬಹುದು. ತಯಾರಾದ ಕಾರ್ಖಾನೆಯಿಂದಲೂ ವಿಂಗಡಿಸಬಹುದು. ಎರಡು ಪಟ್ಟಿಗಳು ಒಂದೇ ಆಗವು. ಶಿಕ್ಷಕರು ಈ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸಬೇಕು.

ವಿಷಯ ನಿರೂಪಣೆ: ಕೋಶದ ಪೊರೆಯು ಕೊಬ್ಬಿನಿಂದಾದುದು. ಉಪ್ಪು, ಸಕ್ಕರೆಗಳು ಅದನ್ನು ತಾವಾಗಿ ದಾಟಲಾರವು. ಪೊರೆಯಲ್ಲಿ ನಾಟಿಕೊಂಡ ಪ್ರೋಟೀನುಗಳು ಅವುಗಳನ್ನು ದಾಟಿಸುತ್ತವೆ. ಅಮೆರಿಕದ ಮಿಲ್ಟನ್ ಸೈಯರ್ ಮತ್ತು ಸಂಗಡಿಗರು ರೂಪಿಸಿದ ಟಿ.ಸಿ. ಪದ್ಧತಿಯು ಇವುಗಳಿಗೆ ಐದು ಭಾಗಗಳ ಸಂಖ್ಯೆಯನ್ನು ನೀಡುತ್ತದೆ. ಮೊದಲ ಅಂಕಿ ಸಾಗಣೆಯ ವಿಧಾನವನ್ನು ತಿಳಿಸುತ್ತದೆ: 1 ಎಂದರೆ ನಾಳ, 2 ಎಂದರೆ ವಾಹಕ, 3 ಎಂದರೆ ನೇರವಾಗಿ ಶಕ್ತಿ ವ್ಯಯಿಸುವ ಪಂಪು. ಮೂರನೆಯ ಭಾಗವು ಕುಟುಂಬವನ್ನು, ಎಂದರೆ ವಂಶವನ್ನು ಸೂಚಿಸುತ್ತದೆ.

ಸಣ್ಣ ಕರುಳಿನ ಒಂದೇ ಕೋಶವನ್ನು ನೋಡಿರಿ. ಆಹಾರದ ಕಡೆಯಿಂದ ಗ್ಲೂಕೋಸನ್ನು ಸೋಡಿಯಂನೊಡನೆ ಒಳಗೆ ತರುವುದು ಎಸ್‌ಜಿಎಲ್‌ಟಿ1. ಇದರ ಕುಟುಂಬ 2.ಎ.21. ರಕ್ತದ ಕಡೆಗೆ ಅದನ್ನು ಹೊರಬಿಡುವುದು ಗ್ಲುಟ್2; ಇದರ ಕುಟುಂಬ 2.ಎ.1. ಸರಕು ಒಂದೇ, ಕುಲ ಬೇರೆ. ಆದರೆ ಬ್ಯಾಕ್ಟೀರಿಯದಲ್ಲಿ ಲ್ಯಾಕ್ಟೋಸ್ ಸಾಗಿಸುವ ಪ್ರೋಟೀನು ಗ್ಲುಟ್2ರ ದಾಯಾದಿ! ಈ ವಂಶದ ಪ್ರೋಟೀನುಗಳು ಸಾಮಾನ್ಯವಾಗಿ ಪೊರೆಯನ್ನು ಹನ್ನೆರಡು ಬಾರಿ ಹಾಯುತ್ತವೆ. ಮೊದಲ ಆರು ಸುರುಳಿಗಳು ಉಳಿದ ಆರನ್ನು ಹೋಲುತ್ತವೆ. ಪೂರ್ವಜ ಜೀನು ಇಮ್ಮಡಿಯಾಗಿ ಬೆಸೆದುಕೊಂಡುದರ ಗುರುತಿದು.

ಜೀವನಕ್ಕೆ ಅನ್ವಯ: ಎಸ್‌ಜಿಎಲ್‌ಟಿ1 ಸೋಡಿಯಂ ಮತ್ತು ಗ್ಲೂಕೋಸುಗಳನ್ನು ಜೊತೆಯಾಗಿ ಹೀರುತ್ತದೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ. ಕಾಲರಾದಲ್ಲಿಯೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು–ಗ್ಲೂಕೋಸಿನ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನುಳಿಸಿದರು. ಮಳೆಗಾಲದಲ್ಲಿ ಭೇದಿಯಾದ ಮಗುವಿಗೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಸೂಚಿಸಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಕೊಡಬೇಕು. ಸಕ್ಕರೆ ಹೆಚ್ಚಾದರೆ ಕರುಳು ನೀರನ್ನು ತನ್ನೆಡೆಗೆ ಸೆಳೆದು ಭೇದಿ ಉಲ್ಬಣಿಸುತ್ತದೆಂಬುದನ್ನು ಮಕ್ಕಳು ಮನೆಯವರಿಗೂ ತಿಳಿಸಲಿ.

ಚಟುವಟಿಕೆ: ಮೂರು ಪ್ರೋಟೀನುಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಮೊದಲು ಸರಕಿನಿಂದ, ಬಳಿಕ ಕುಟುಂಬದಿಂದ ಗುಂಪು ಮಾಡಿಸಿರಿ.

ಪ್ರಶ್ನೆಗಳು:
1. ಗ್ಲುಟ್2ಕ್ಕೆ ಎಸ್‌ಜಿಎಲ್‌ಟಿ1ಕ್ಕಿಂತ ಬ್ಯಾಕ್ಟೀರಿಯದ ಪ್ರೋಟೀನು ಹತ್ತಿರದ ಬಂಧುವೇಕೆ?
2. ಓಆರ್‌ಎಸ್‌ನಲ್ಲಿ ಉಪ್ಪು ಇಲ್ಲದಿದ್ದರೆ ಏನಾಗುವುದು?