ಗ್ರೀನ್ ಕಾರ್ಡ್ ಬಂದ ಮಗನಿಗೆ ಸೇನಾ ನೋಂದಣಿ: ಹೆದರಬೇಡಿ, ಮರೆಯಲೂ ಬೇಡಿ

ನಂಜನಗೂಡು, ಟಿ. ನರಸೀಪುರ ಕಡೆಯಿಂದ ಅಮೆರಿಕಕ್ಕೆ ಹೋಗುತ್ತಿದ್ದವರು ಒಂದು ಕಾಲಕ್ಕೆ ಎಂಜಿನಿಯರ್‌ಗಳು, ಅದೂ ಒಬ್ಬೊಬ್ಬರೇ. ಈಗ ಸಂಸಾರ ಸಮೇತ ಹೋಗುವವರೂ ಇದ್ದಾರೆ. ಮೊದಲು ಹೋದ ಅಣ್ಣನೋ ಅಕ್ಕನೋ ಅಲ್ಲಿಯ ಪೌರತ್ವ ಪಡೆದು ಊರಿನ ತಮ್ಮನಿಗಾಗಿ ಅರ್ಜಿ ಹಾಕಿರುತ್ತಾರೆ. ಒಡಹುಟ್ಟಿದವರ ಈ ವರ್ಗದಲ್ಲಿ ಭಾರತೀಯರ ಸರದಿ ಬರಲು ಹದಿನೈದು ವರ್ಷ ದಾಟುತ್ತದೆ. ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಮಗ ವೀಸಾ ಕೈಗೆ ಬರುವ ಹೊತ್ತಿಗೆ ಮೀಸೆ ಮೂಡಿ ಪಿಯುಸಿ ಮುಗಿಸಿರುತ್ತಾನೆ. ಅಲ್ಲಿ ಇಳಿದ ಮೇಲೆ ಒಂದು ದಿನ ‘ಸೆಲೆಕ್ಟಿವ್ ಸರ್ವೀಸ್’ ಎಂಬ ಸೇನಾ ನೋಂದಣಿ ವ್ಯವಸ್ಥೆಯ ಮಾತು ಕಿವಿಗೆ ಬೀಳುತ್ತದೆ. ಊರಿಗೆ ಫೋನ್ ಬರುತ್ತದೆ. ಊರಿನಲ್ಲಿ ಅಜ್ಜಿಯ ಪ್ರಶ್ನೆ ಒಂದೇ: “ಇರೋನೊಬ್ಬ ಮೊಮ್ಮಗ, ಮಿಲ್ಟ್ರಿಗೆ ಎಳ್ಕೊಂಡೋಗ್ಬುಡ್ತಾರಾ?”

ಇಲ್ಲ, ಎಳೆದುಕೊಂಡು ಹೋಗುವುದಿಲ್ಲ. ಹಾಗೆಂದು ಆ ನೋಂದಣಿಯನ್ನು ಮರೆತರೆ ಹತ್ತು ವರ್ಷದ ನಂತರ ಹುಡುಗನ ಪೌರತ್ವಕ್ಕೇ ಕುತ್ತು ಬರಬಹುದು. ಇವೆರಡರಲ್ಲಿ ನಮ್ಮ ಜನ ಹೆಚ್ಚು ಯೋಚಿಸುವುದು ಮೊದಲನೆಯದನ್ನು, ಪೆಟ್ಟು ತಿನ್ನುವುದು ಎರಡನೆಯದರಿಂದ.

ನಮಗೆ ಈ ವಿಷಯ ಹೊಸದೆನಿಸಲು ಕಾರಣವಿದೆ. ಸ್ವತಂತ್ರ ಭಾರತ ಯಾರನ್ನೂ ಕಡ್ಡಾಯವಾಗಿ ಸೇನೆಗೆ ಸೇರಿಸಿಲ್ಲ. ಸಂವಿಧಾನದ 23(2)ನೇ ವಿಧಿ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. 1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಬಂದ 51ಎ ವಿಧಿ ಕರೆ ಬಂದಾಗ ದೇಶರಕ್ಷಣೆಗೆ ನಿಲ್ಲುವುದನ್ನು ಮೂಲಭೂತ ಕರ್ತವ್ಯ ಎಂದಿದೆ. ಆದರೂ ಎನ್‌ಸಿಸಿಯಿಂದ ಹಿಡಿದು 2022ರ ಅಗ್ನಿಪಥದವರೆಗೆ ಎಲ್ಲವೂ ಸ್ವಇಚ್ಛೆಯದೇ. ಹಾಗಾಗಿ ಸರ್ಕಾರವೊಂದು ಮನೆಮನೆಯ ಹುಡುಗರ ಹೆಸರು ಬರೆದಿಟ್ಟುಕೊಳ್ಳುತ್ತದೆ ಎಂದರೆ ನಮಗೆ ಯುದ್ಧದ ವಾಸನೆ ಬಡಿಯುತ್ತದೆ.

ಅಮೆರಿಕದಲ್ಲೂ ಈಗ ಕಡ್ಡಾಯ ಭರ್ತಿ ಇಲ್ಲ. ವಿಯೆಟ್ನಾಂ ಯುದ್ಧದ ಕೊನೆಗೆ, 1973ರಲ್ಲಿ, ಅದು ನಿಂತುಹೋಯಿತು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ, 1980ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ನೋಂದಣಿಯನ್ನು ಮಾತ್ರ ಮತ್ತೆ ಶುರು ಮಾಡಿದರು. ಇದೊಂದು ಹೆಸರುಪಟ್ಟಿ, ಅಷ್ಟೆ. ಅದರಿಂದ ಯಾರನ್ನಾದರೂ ಕರೆಯಬೇಕಾದರೆ ಅಲ್ಲಿಯ ಸಂಸತ್ತು ಹೊಸದಾಗಿ ಕಾನೂನು ಮಾಡಬೇಕು. ಆಮೇಲೆ ಲಾಟರಿ ಎತ್ತಬೇಕು. ಆಗಲೂ ಮೊದಲ ಸರದಿ ಆ ವರ್ಷ 20 ತುಂಬುವವರದು. 1973ರಿಂದ ಈಚೆಗೆ ಅಂಥ ಕರೆ ಒಮ್ಮೆಯೂ ಬಂದಿಲ್ಲ.

ಯಾರು ನೋಂದಾಯಿಸಬೇಕು? 18 ತುಂಬಿದ, ಇನ್ನೂ 26 ತುಂಬದ ಗಂಡುಮಕ್ಕಳು. ಅಮೆರಿಕದ ಪೌರರಷ್ಟೇ ಅಲ್ಲ, ಅಲ್ಲಿ ನೆಲೆಸಿರುವ ವಲಸಿಗರೂ. ಗ್ರೀನ್ ಕಾರ್ಡ್ ಇರುವವರು, ಆಶ್ರಯ ಪಡೆದವರು, ದಾಖಲೆಯೇ ಇಲ್ಲದೆ ಉಳಿದವರು ಎಲ್ಲರೂ ಇದರಲ್ಲಿ ಬರುತ್ತಾರೆ. ಅಲ್ಲೇ ಇರುವ ಹುಡುಗನಿಗೆ 18 ತುಂಬಿದ 30 ದಿನದೊಳಗೆ, 18 ದಾಟಿ ಹೋದವನಿಗೆ ದೇಶದೊಳಗೆ ಕಾಲಿಟ್ಟ 30 ದಿನದೊಳಗೆ ಎಂಬುದು ನಿಯಮ. ತಡವಾದರೂ 26ನೇ ಹುಟ್ಟುಹಬ್ಬದವರೆಗೆ ಹೆಸರು ತೆಗೆದುಕೊಳ್ಳುತ್ತಾರೆ. ಅದು ದಾಟಿತೆಂದರೆ ಬಾಗಿಲು ಮುಚ್ಚಿದ ಹಾಗೆಯೇ, ಬೇಕೆಂದರೂ ಸೇರಿಸಲು ಆಗುವುದಿಲ್ಲ. ಹೆಣ್ಣುಮಕ್ಕಳಿಗೆ ಈ ನಿಯಮವಿಲ್ಲ. ಅದು ಸರಿಯೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು, 1981ರಲ್ಲಿ ಕೋರ್ಟು ನಿಯಮವನ್ನೇ ಎತ್ತಿಹಿಡಿಯಿತು.

ಒಬ್ಬನೇ ಮಗ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಮನೆಯಿಂದ ಒಬ್ಬರು ಸೇನೆಯಲ್ಲಿ ಸತ್ತಿದ್ದರೆ ಉಳಿದ ಮಗನಿಗೆ ಕರೆಯ ಹೊತ್ತಿನಲ್ಲಿ ಒಂದಿಷ್ಟು ರಿಯಾಯಿತಿ ಉಂಟು, ನೋಂದಣಿಯಿಂದಲ್ಲ. ಓಡಾಡಬಲ್ಲ ಅಂಗವಿಕಲರೂ ಹೆಸರು ಬರೆಸಬೇಕು. ಧರ್ಮದ ಕಾರಣಕ್ಕೆ, ಅಹಿಂಸೆಯ ಕಾರಣಕ್ಕೆ ಆಯುಧ ಹಿಡಿಯಲಾರೆ ಎನ್ನುವವರೂ ಮೊದಲು ಹೆಸರು ಬರೆಸಬೇಕು. ಅವರ ತಕರಾರು ಕೇಳುವುದು ಕರೆ ಬಂದ ಮೇಲಿನ ಮಾತು.

ವಿನಾಯಿತಿ ಇರುವುದು ಬೇರೆಯವರಿಗೆ. ಎಫ್-1 ವೀಸಾದಲ್ಲಿ ಓದುತ್ತಿರುವ ಹುಡುಗ, ಅಪ್ಪನ ಎಚ್-1ಬಿ ಜೊತೆ ಎಚ್-4ರಲ್ಲಿ ಇರುವ ಮಗ, ಪ್ರವಾಸಿ ವೀಸಾದಲ್ಲಿ ಬಂದವನು ನೋಂದಾಯಿಸಬೇಕಿಲ್ಲ. ಆದರೆ ವೀಸಾ ಊರ್ಜಿತವಾಗಿ ಇರುವವರೆಗೆ ಮಾತ್ರ. ಕೋರ್ಸ್ ಬಿಟ್ಟು ಅಲ್ಲೇ ಉಳಿದರೆ, ಅವಧಿ ಮೀರಿದರೆ ವಿನಾಯಿತಿ ಅಲ್ಲಿಗೆ ಮುಗಿಯಿತು. 26 ತುಂಬುವ ಮೊದಲು ಗ್ರೀನ್ ಕಾರ್ಡ್ ಬಂದರೂ ಅಷ್ಟೆ, ಆ ದಿನದಿಂದ ನಿಯಮ ಅನ್ವಯ. ವಿನಾಯಿತಿಯಲ್ಲಿ ಇದ್ದವರು ಅದಕ್ಕೆ ಪುರಾವೆ ಇಟ್ಟುಕೊಂಡಿರಬೇಕು: ವೀಸಾ ಪುಟ, ಕಾಲೇಜು ಕೊಟ್ಟ ಐ-20, ದೇಶದೊಳಗೆ ಬಂದ ದಾಖಲೆಯಾದ ಐ-94, ಎಚ್-4 ಮಂಜೂರಾತಿ ಪತ್ರ, ಎಲ್ಲವನ್ನೂ. ಪಾಸ್‌ಪೋರ್ಟ್ ಹೊಸದಾಗಿ ಮಾಡಿಸುವಾಗ ಹಳೆಯದನ್ನು ಬಿಸಾಡುವ ಅಭ್ಯಾಸ ಒಳ್ಳೆಯದಲ್ಲ. 18ರಿಂದ 26ರವರೆಗೆ ಪೂರ್ತಿ ವೀಸಾದಲ್ಲೇ ಇದ್ದೆ ಎಂದು ತೋರಿಸಲು ಅದೇ ಸಾಕ್ಷಿ.

ಹೆಚ್ಚು ತಪ್ಪಿಹೋಗುವ ಹುಡುಗ ಯಾರು ಗೊತ್ತೇ? 14ನೆಯ ವಯಸ್ಸಿಗೋ 16ಕ್ಕೋ ಗ್ರೀನ್ ಕಾರ್ಡ್ ಪಡೆದವನು. 18 ದಾಟಿದವರು ಗ್ರೀನ್ ಕಾರ್ಡ್ ಅರ್ಜಿ ಹಾಕುವಾಗ ಅವರ ವಿವರವನ್ನು ವಲಸೆ ಇಲಾಖೆ ಸೆಲೆಕ್ಟಿವ್ ಸರ್ವೀಸ್‌ಗೆ ಕಳಿಸುವ ಏರ್ಪಾಡಿದೆ. ಚಿಕ್ಕಂದಿನಲ್ಲೇ ಪಡೆದವನ ಹೆಸರು ಹಾಗೆ ಹೋಗಿರುವುದಿಲ್ಲ. ಹೈಸ್ಕೂಲಿನಲ್ಲಿ ಯಾರಾದರೂ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅನೇಕ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಅರ್ಜಿಯ ಜೊತೆಗೇ ನೋಂದಣಿ ಆಗಿಬಿಡುತ್ತದೆ, ಎಲ್ಲ ರಾಜ್ಯಗಳಲ್ಲಿ ಅಲ್ಲ. 2025ರ ಡಿಸೆಂಬರ್‌ನಲ್ಲಿ ಸಹಿಯಾದ ರಕ್ಷಣಾ ಕಾಯ್ದೆಯು ಸರ್ಕಾರವೇ ತನ್ನ ಕಡತಗಳಿಂದ ಹೆಸರು ಹೆಕ್ಕಿ ತಾನಾಗಿ ನೋಂದಾಯಿಸುವ ಪದ್ಧತಿಗೆ ಹೋಗಬೇಕೆಂದು ಹೇಳಿದೆ, ಅದಕ್ಕೆ ಒಂದು ವರ್ಷದ ಕಾಲಾವಕಾಶ ಇಟ್ಟಿದೆ. ಆದರೂ ‘ತಾನಾಗಿ ಆಗಿರುತ್ತೆ ಬಿಡಿ’ ಎಂಬ ಭರವಸೆಯನ್ನು ನಾನಂತೂ ಯಾರಿಗೂ ಕೊಡುವುದಿಲ್ಲ. ಆಗಿದೆಯೇ ಎಂದು ನೋಡಿಕೊಳ್ಳಲು ಐದು ನಿಮಿಷ ಸಾಕು.

ಕೆಲಸ ಸುಲಭದ್ದೇ. ಎಸ್‌ಎಸ್‌ಎಸ್ ಡಾಟ್ ಗವ್ ಎಂಬ ಸರ್ಕಾರಿ ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಸೋಷಿಯಲ್ ಸೆಕ್ಯುರಿಟಿ ನಂಬರ್ ತುಂಬಿದರೆ ಆಯಿತು. ಆ ನಂಬರ್ ಇನ್ನೂ ಬಂದಿಲ್ಲದವರು ಕಾಗದದ ಫಾರಂ ತುಂಬಿ ಅಂಚೆಯಲ್ಲಿ ಕಳಿಸಬಹುದು. ಒಂದು ಪೈಸೆ ಶುಲ್ಕವಿಲ್ಲ. ಅರ್ಜಿದಾರ ಯಾವ ವೀಸಾದವನು, ದಾಖಲೆ ಇದೆಯೇ ಇಲ್ಲವೇ ಎಂದು ಕೇಳುವುದೂ ಇಲ್ಲ. ಸ್ವಲ್ಪ ದಿನಕ್ಕೆ ನೋಂದಣಿ ಸಂಖ್ಯೆ ಇರುವ ಸ್ವೀಕೃತಿ ಪತ್ರ ಅಂಚೆಯಲ್ಲಿ ಬರುತ್ತದೆ. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು.

ತೊಡಕು ಬರುವುದು ನಮ್ಮ ಹೆಸರುಗಳಿಂದ. ಮೈಸೂರು ಸೀಮೆಯ ಹುಡುಗನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇರುತ್ತದೆ. ಮನೆತನದ ಹೆಸರು ಎಂಬುದೇ ಬಹಳ ಮನೆಗಳಲ್ಲಿ ಇಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಒಂದೇ ಹೆಸರನ್ನು ಒಂದೇ ಕಾಲಂನಲ್ಲಿ ಬರೆದು ಇನ್ನೊಂದನ್ನು ಖಾಲಿ ಬಿಟ್ಟರೆ, ಅಮೆರಿಕದ ವೀಸಾದಲ್ಲಿ ಹುಡುಗನ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಅಚ್ಚಾಗಿ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ, ಉದಾಹರಣೆಗೆ, ಮಹದೇವಸ್ವಾಮಿ ಎಂಬುದು ಮನೆತನದ ಹೆಸರಾಗಿ, ನೋಂದಣಿಯಲ್ಲಿ ಅದೇ ಮೊದಲ ಹೆಸರಾಗಿ ಬಿದ್ದರೆ, ಮುಂದೆ ಅಧಿಕಾರಿ ಕಂಪ್ಯೂಟರಿನಲ್ಲಿ ಹುಡುಕಿದಾಗ ಹೆಸರೇ ಸಿಗದೆ ಹೋಗಬಹುದು. ಅಲ್ಲಿ ಹುಡುಕುವುದು ಮನೆತನದ ಹೆಸರು, ಹುಟ್ಟಿದ ದಿನ ಮತ್ತು ಆ ನಂಬರಿನಿಂದ. ಆದ್ದರಿಂದ ಊರು ಬಿಡುವ ಮೊದಲೇ ಪಾಸ್‌ಪೋರ್ಟಿನ ಎರಡೂ ಕಾಲಂ ತುಂಬಿಸಿಕೊಳ್ಳಿ. ಅದಕ್ಕೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಕೇಂದ್ರ ದೇಶದಲ್ಲಿ ಮೊದಲು ತೆರೆದ ಊರುಗಳಲ್ಲಿ ಮೈಸೂರೂ ಒಂದು, 2017ರ ಜನವರಿಯಲ್ಲಿ. ಜನನ ಪತ್ರದಲ್ಲಿ ಹುಟ್ಟಿದ ದಿನ ಶಾಲೆಯ ದಾಖಲೆಗಿಂತ ಬೇರೆ ಇದ್ದರೆ ಅದನ್ನೂ ಇಲ್ಲೇ ಸರಿಪಡಿಸಿಕೊಳ್ಳಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಂಡ ಹುಟ್ಟುಹಬ್ಬಗಳು ನಮ್ಮಲ್ಲಿ ಕಡಿಮೆ ಏನಿಲ್ಲ.

ನೋಂದಾಯಿಸದಿದ್ದರೆ ಏನಾಗುತ್ತದೆ? ಕಾನೂನಿನ ಪುಸ್ತಕದಲ್ಲಿ ಶಿಕ್ಷೆ ದೊಡ್ಡದು: ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ವಾಸ್ತವದಲ್ಲಿ 1980ರ ದಶಕದ ಬೆರಳೆಣಿಕೆಯ ಮೊಕದ್ದಮೆಗಳ ನಂತರ ಯಾರನ್ನೂ ಜೈಲಿಗೆ ಕಳಿಸಿಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. ಬೇಕೆಂದೇ ನೋಂದಾಯಿಸದವನಿಗೆ ಅಮೆರಿಕದ ಕೇಂದ್ರ ಸರ್ಕಾರದ ನೌಕರಿ ಸಿಗದು. ಹಲವು ರಾಜ್ಯಗಳಲ್ಲಿ ರಾಜ್ಯದ ನೌಕರಿಗೂ ಅದೇ ಷರತ್ತು. ಕಾಲೇಜಿನ ಕೇಂದ್ರ ಧನಸಹಾಯಕ್ಕೂ ಇದು ಬೇಕು ಎಂದು ಅಲ್ಲಿಯ ಹಳಬರು ಹೇಳುತ್ತಾರೆ. ಆ ಷರತ್ತನ್ನು ಈಚೆಗೆ ತೆಗೆದಿದ್ದಾರೆ.

ಎಲ್ಲಕ್ಕಿಂತ ಗಂಭೀರವಾದದ್ದು ಪೌರತ್ವದ ಅರ್ಜಿ, ಎನ್-400. ಅದರಲ್ಲಿ ‘ನೋಂದಾಯಿಸಿದ್ದೀರಾ, ಯಾವಾಗ, ಸಂಖ್ಯೆ ಏನು’ ಎಂಬ ಪ್ರಶ್ನೆ ಇದೆ. ಅರ್ಜಿಗೆ ಹಿಂದಿನ ಐದು ವರ್ಷ ಅರ್ಜಿದಾರ ಸನ್ನಡತೆಯವನಾಗಿರಬೇಕು ಎಂಬುದು ನಿಯಮ. ಪೌರರನ್ನು ಮದುವೆಯಾಗಿ ಆ ಆಧಾರದ ಮೇಲೆ ಅರ್ಜಿ ಹಾಕುವವರಿಗೆ ಮೂರು ವರ್ಷ. ಹೀಗಾಗಿ ಲೆಕ್ಕ ಮೂರು ಬಗೆ. 26ರ ಒಳಗಿನವನು ನೋಂದಾಯಿಸಲು ಒಪ್ಪದಿದ್ದರೆ ಅರ್ಜಿ ತಿರಸ್ಕೃತ. 31 ದಾಟಿದವನಿಗೆ ಆ ಲೋಪ ಐದು ವರ್ಷದ ಆಚೆಗೆ ಬಿದ್ದಿರುತ್ತದೆ, ಸಾಮಾನ್ಯವಾಗಿ ಅಡ್ಡಿಯಾಗದು. ಪಾಡು ಪಡುವವನು 26ರಿಂದ 31ರ ನಡುವಿನವನು. ತಾನು ಬೇಕೆಂದು, ತಿಳಿದೂ ತಿಳಿದೂ ತಪ್ಪಿಸಿಕೊಂಡಿಲ್ಲ ಎಂದು ಅವನೇ ತೋರಿಸಿಕೊಡಬೇಕು.

ಕಾನೂನು ಗೊತ್ತಿರಲಿಲ್ಲ ಎಂಬುದು ನಮ್ಮ ಕೋರ್ಟುಗಳಲ್ಲಿ ನಡೆಯದ ಮಾತು. ಇಲ್ಲಿ ಅದೇ ಸಮರ್ಥನೆ, ನಿಜವಾಗಿದ್ದರೆ. ಸೆಲೆಕ್ಟಿವ್ ಸರ್ವೀಸ್‌ನಿಂದ ಸ್ಥಿತಿಗತಿ ತಿಳಿಸುವ ಪತ್ರ ತರಿಸಿಕೊಂಡು, ತನಗೆ ಯಾಕೆ ತಿಳಿಯಲಿಲ್ಲ ಎಂದು ಪ್ರಮಾಣ ಮಾಡಿದ ಹೇಳಿಕೆ ಬರೆದು, ಯಾವ ವಯಸ್ಸಿಗೆ ಬಂದೆ, ಎಲ್ಲಿ ಓದಿದೆ ಎಂಬುದಕ್ಕೆ ದಾಖಲೆ ಸೇರಿಸಿ ಕೊಡಬೇಕು. ಹೇಳಿಕೆ ಬರೆಯುವ ಮೊದಲು ವಲಸೆ ವಕೀಲರನ್ನು ಕಾಣುವುದು ಕ್ಷೇಮ. ನೆನಪು ನೋಟಿಸು ಬಂದಿದ್ದೂ ಬಂದಿಲ್ಲ ಎಂದು ಬರೆದರೆ ಅದು ಸುಳ್ಳು ಹೇಳಿಕೆಯಾಗಿ, ಮೂಲ ಲೋಪಕ್ಕಿಂತ ಕೆಟ್ಟ ಪರಿಣಾಮ ತರುತ್ತದೆ.

ಇನ್ನು ಭಾರತದ ಕಡೆಯ ಮಾತು. ಸೆಲೆಕ್ಟಿವ್ ಸರ್ವೀಸ್‌ನಲ್ಲಿ ಹೆಸರು ಬರೆಸಿದ ಮಾತ್ರಕ್ಕೆ ಭಾರತದ ಪೌರತ್ವ ಹೋಗುವುದಿಲ್ಲ. ಅದು ಹೋಗುವುದು 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರನಾದ ದಿನ. ಆಮೇಲೆ ಪಾಸ್‌ಪೋರ್ಟ್ ಒಪ್ಪಿಸಿ ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಲು ಬಿಡುವ ಓಸಿಐ ಕಾರ್ಡ್ ಪಡೆಯುವುದು ರೂಢಿ. ವಿದೇಶಿ ಸೇನೆಯಲ್ಲಿ ಸೇವೆಯಲ್ಲಿರುವವರು, ನಿವೃತ್ತರಾದವರು ಓಸಿಐಗೆ ಅರ್ಹರಲ್ಲ ಎಂದು ನಮ್ಮ ಗೃಹ ಸಚಿವಾಲಯ ಹೇಳುತ್ತದೆ. ಆದ್ದರಿಂದ ಬೇಗ ಪೌರತ್ವ ಸಿಗಲಿ ಎಂದು ಅಲ್ಲಿಯ ಸೇನೆಗೆ ನಿಜವಾಗಿಯೇ ಸೇರಲು ಹೊರಟ ಹುಡುಗ, ಅಜ್ಜನ ಊರಿಗೆ ಮುಂದೆ ಪ್ರತಿ ಸಲ ವೀಸಾ ಹಾಕಿಸಿಕೊಂಡೇ ಬರಬೇಕಾದೀತು ಎಂಬುದನ್ನೂ ಯೋಚಿಸಲಿ.

ಸಿಂಗಾಪುರದ ಕಥೆಯೇ ಬೇರೆ, ಅಲ್ಲಿ ನೋಂದಣಿಗೆ ಮುಗಿಯುವುದಿಲ್ಲ. ಕೆಲಸದ ಆಧಾರದ ಮೇಲೆ ಖಾಯಂ ವಾಸಿಯಾದ ಅಪ್ಪನಿಗೆ ಸೇವೆ ಇಲ್ಲ. ಅವನ ಹೆಸರಿನ ಮೇಲೆ ಖಾಯಂ ವಾಸಿಯಾದ ಮಗ ಹದಿನಾರೂವರೆಗೆ ನೋಂದಾಯಿಸಿ, 18ರ ನಂತರ ಎರಡು ವರ್ಷ ಪೂರ್ತಿ ಸೇವೆ ಮಾಡಲೇಬೇಕು. ತಪ್ಪಿಸಿಕೊಳ್ಳಲು ಖಾಯಂ ವಾಸ ಬಿಟ್ಟುಕೊಟ್ಟರೆ ಮುಂದೆ ಅಲ್ಲಿ ಓದಲು, ಕೆಲಸಕ್ಕೆ ಹಾಕುವ ಅರ್ಜಿಗಳಿಗೆ ಅದು ಮುಳ್ಳಾಗುತ್ತದೆ. ಮಗನ ಹೆಸರನ್ನು ಅರ್ಜಿಯಲ್ಲಿ ಸೇರಿಸುವ ದಿನವೇ ಇದನ್ನು ತೀರ್ಮಾನಿಸಬೇಕು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕಡ್ಡಾಯ ಸೇವೆ ಇಲ್ಲ. ದುಬೈ, ಅಬುಧಾಬಿಗಳಲ್ಲಿ ಇದೆ, ಆದರೆ ಅಲ್ಲಿಯ ಪೌರರಿಗಷ್ಟೇ. ದುಡಿಯಲು ಹೋದವರಿಗೆ ಅದರ ಗೊಡವೆಯಿಲ್ಲ.

ಕಾನೂನಿನ ನೋಂದಣಿಗೂ ಏಜೆಂಟರ ಭರ್ತಿಗೂ ಇರುವ ವ್ಯತ್ಯಾಸ ತಿಳಿದಿರಲಿ. ಕಲಬುರಗಿ ಜಿಲ್ಲೆಯ ಹುಡುಗರು ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದದ್ದು, 2024ರ ಮಾರ್ಚ್‌ನಲ್ಲಿ ಇಂಥ ಜಾಲದ ಮೇಲೆ ಸಿಬಿಐ ಪ್ರಕರಣ ದಾಖಲಿಸಿದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಅವರ ಹೆಸರು ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯೇ ಎಂದು ನೀವೇ ನೋಡಬಹುದು. ‘ಮಿಲಿಟರಿ ಕ್ಲಿಯರೆನ್ಸ್ ಮಾಡಿಸಿಕೊಡ್ತೀವಿ’ ಎಂದು ಯಾರಾದರೂ ದುಡ್ಡು ಕೇಳಿದರೆ ಅದು ವಂಚನೆ. ಪೊಲೀಸ್ ಠಾಣೆಗೆ ಹೋಗಿ, ಫೋನಿನಲ್ಲಿ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ನಂಜನಗೂಡಿನಲ್ಲೂ ಟಿ. ನರಸೀಪುರದಲ್ಲೂ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಅಮೆರಿಕದ ಅರ್ಜಿ ತುಂಬಿಕೊಡುವುದು ಅವರ ಕೆಲಸವಲ್ಲ. ಜನನ ಪತ್ರದ ತೊಡಕು, ಪ್ರಮಾಣಪತ್ರ, ಏಜೆಂಟರ ಮೇಲಿನ ದೂರು ಇವಕ್ಕೆ ಸಲಹೆ ಸಿಗುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ವಕೀಲರ ನೆರವೂ ಉಚಿತ. ಫೋನ್ ಮಾಡುವುದಾದರೆ 15100. ಅಮೆರಿಕದಲ್ಲಿ ನಿಮ್ಮ ಮನೆಯ ಹುಡುಗನಿಗೆ ಈಗ 25 ನಡೆಯುತ್ತಿದ್ದರೆ ಈ ಲೇಖನವನ್ನು ಇವತ್ತೇ ಅವನಿಗೆ ಕಳಿಸಿ. ನೋಂದಣಿ ಆಗಿದೆ ಎಂದು ಅವನು ಹೇಳಿದರೆ ಸಂಖ್ಯೆ ಏನು ಎಂದು ಕೇಳಿ ಬರೆದಿಟ್ಟುಕೊಳ್ಳಿ.